ಶಿವಲೀಲಾಳ ಹೆಸರಿನ ಶೀಸೆ

ಶಿವಲೀಲಾ ಆ ಪರೀಕ್ಷೆ ಮಾಡಿಸಿಕೊಂಡಿರಲೇ ಇಲ್ಲ. ಅವಳ ಹೆಸರು ಅಂಟಿಸಿದ್ದ ಶೀಸೆಯಲ್ಲಿ ಇದ್ದದ್ದು ನನ್ನ ಮೈಯೊಳಗಿನದು. ಅದನ್ನು ತುಂಬಿದವಳು ನಾನು. ಮುಚ್ಚಳ ಬಿಗಿ ಮಾಡಿ, ಗೊತ್ತಿದ್ದೂ ಗೊತ್ತಿದ್ದೂ ಪೆಟ್ಟಿಗೆಯಲ್ಲಿ ಇಟ್ಟವಳೂ ನಾನು. ಫಲಿತಾಂಶ ಬಂದ ದಿನ ಅವಳ ಅತ್ತೆಯ ಎದುರಿಗೆ, ಅವಳ ಕಣ್ಣೆದುರಿಗೆ, ಅವಳೇ ಕೊಟ್ಟದ್ದೆಂದು ಹೇಳಿದವಳೂ—

ಇಷ್ಟು ಬರೆಯುವುದಕ್ಕೆ ನನಗೆ ಮೂರು ವರ್ಷ ಬೇಕಾಯಿತು.

ನಾನು ಆಶಾ ಕಾರ್ಯಕರ್ತೆ. ಆಗಿದ್ದೆ ಎನ್ನಬೇಕು. ನನ್ನ ಹೆಸರು ಮಹಾದೇವಿ. ಜೇವರ್ಗಿ ತಾಲ್ಲೂಕಿನಲ್ಲಿ ನೆಲೋಗಿಯಿಂದ ಒಳದಾರಿ ಹಿಡಿದರೆ ಸಿಗುವ ಊರು. ಅದರ ಹೆಸರು ಇಲ್ಲಿ ಬೇಡ, ಊರು ಯಾವ ತಪ್ಪನ್ನೂ ಮಾಡಿಲ್ಲ. ಹದಿಮೂರು ವರ್ಷ ಆ ಊರಿನ ಬಸಿರು, ಬಾಣಂತನ, ಕೂಸುಗಳ ಸೂಜಿ ಎಲ್ಲ ನನ್ನ ಕೈಯಲ್ಲೇ ನಡೆದವು. ಹೆಂಗಸರು ಗಂಡನಿಗೆ ಹೇಳದ್ದನ್ನು ನನಗೆ ಹೇಳುತ್ತಿದ್ದರು. ಅದೊಂದು ಅಧಿಕಾರ ಎಂದು ನನಗೆ ಆಗ ತಿಳಿದಿರಲಿಲ್ಲ. ಅಥವಾ ತಿಳಿದಿತ್ತು, ರುಚಿಯೂ ಹತ್ತಿತ್ತು.

ಶಿವಲೀಲಾ ನಮ್ಮ ಓಣಿಯ ಸೊಸೆ. ತವರು ಅಫಜಲಪುರ ಕಡೆಯ ಸೊನ್ನ. ಮದುವೆಯಾಗಿ ಬಂದಾಗ ಹತ್ತೊಂಬತ್ತು ವರ್ಷ, ನನಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವಳು. ಅವಳ ಗಂಡ ಮಲ್ಲಣ್ಣ ಜೇವರ್ಗಿಗೂ ಕಲಬುರಗಿಗೂ ನಡುವೆ ಬಾಡಿಗೆಗೆ ಕ್ರೂಸರ್ ಗಾಡಿ ಓಡಿಸುತ್ತಾನೆ. ಮೊದಲ ಹೆರಿಗೆಗೆ ನಾನೇ ಅವಳನ್ನು ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಒಂದು ಹಗಲು, ಒಂದು ರಾತ್ರಿ ನರಳಿದಳು. ಕೂಸು ಉಳಿಯಲಿಲ್ಲ. ಆಮೇಲೆ ಭಾಗ್ಯ ಹುಟ್ಟಿದಳು, ಆದರೆ ಆ ಮೊದಲ ಹೆರಿಗೆಯ ಮೇಜು, ಆ ಕೈಗಳು, ಆ ಬೈಗುಳ ಅವಳ ಮೈಯಿಂದ ಹೋಗಲೇ ಇಲ್ಲ. ಅದು ನನಗೆ ಗೊತ್ತಿತ್ತು. ಊರಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಆ ವರ್ಷ ಜೇವರ್ಗಿಯಲ್ಲಿ ನಮಗೆ ಒಂದು ದಿನದ ತರಬೇತಿ ಇತ್ತು, ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರಿನ ಬಗ್ಗೆ. ಕ್ಯಾನ್ಸರ್ ಆಗುವ ಎಷ್ಟೋ ವರ್ಷ ಮೊದಲೇ ಒಂದು ವೈರಾಣು ಅಲ್ಲಿ ಬಂದು ಕೂತಿರುತ್ತದೆ, ಅದು ಇದೆಯೋ ಇಲ್ಲವೋ ಎಂದು ನೋಡಬಹುದು ಎಂದರು. ಹೊಸ ಪದ್ಧತಿ. ಹೆಂಗಸು ಮೇಜಿನ ಮೇಲೆ ಮಲಗಬೇಕಿಲ್ಲ, ಯಾರ ಮುಂದೆಯೂ ಸೀರೆ ಸರಿಸಬೇಕಿಲ್ಲ. ತುದಿಯಲ್ಲಿ ಮೆತ್ತನೆಯ ಕುಂಚವಿರುವ ಒಂದು ಕಡ್ಡಿ ಕೊಡುತ್ತಾರೆ. ತಾನೇ ಒಳಗೆ ಇಟ್ಟು, ನಾಲ್ಕು ಸುತ್ತು ತಿರುಗಿಸಿ, ಶೀಸೆಯಲ್ಲಿರುವ ನೀರಿನಲ್ಲಿ ಅದ್ದಿ, ಮುಚ್ಚಿ ಕೊಟ್ಟರೆ ಆಯಿತು.

"ಮೊದಲು ನೀವು ಮಾಡಿ ನೋಡ್ರಿ, ಆಮ್ಯಾಲ ಊರಾಗ ಹೇಳ್ರಿ" ಎಂದು ನಮ್ಮ ಕೈಗೂ ಒಂದೊಂದು ಕೊಟ್ಟರು.

ನಾನು ಮಾಡಲಿಲ್ಲ. ನನ್ನದು ತಿಂಗಳ ದಿನ ಎಂದು ಸುಳ್ಳು ಹೇಳಿ ಕಡ್ಡಿ ವಾಪಸ್ಸು ಕೊಟ್ಟೆ. ಯಾಕೆಂದರೆ ಗೋಡೆಗೆ ತೂಗುಹಾಕಿದ್ದ ಚಿತ್ರದಲ್ಲಿ ಲಕ್ಷಣಗಳನ್ನು ಬರೆದಿದ್ದರು, ಅದರಲ್ಲಿ ಒಂದು ಸಾಲು ನನ್ನದೇ ಆಗಿತ್ತು. ಆರು ತಿಂಗಳಿಂದ, ಗಂಡನ ಜೊತೆ ಸೇರಿದ ಮರುದಿನ ನನಗೆ ರಕ್ತದ ಕಲೆ ಕಾಣಿಸುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಆ ಸಾಲನ್ನು ಒಮ್ಮೆ ಓದಿದೆ. ಮತ್ತೆ ಆ ಗೋಡೆಯ ಕಡೆಗೆ ನೋಡಲಿಲ್ಲ.

ಊರಿಗೆ ಬಂದು ಮನೆಮನೆಗೆ ಹೋಗಿ ಹೇಳಿದೆ: "ನಂದು ಜೇವರ್ಗ್ಯಾಗ ಆಗ್ಯದ. ಇರಿವಿ ಕಚ್ಚಿದಷ್ಟೂ ನೋವಿಲ್ಲ. ಬರ್ರಿ."

ಪರೀಕ್ಷೆಯ ದಿನ ಕಲಬುರಗಿಯಿಂದ ಒಂದು ಸಂಸ್ಥೆಯವರು ಜೀಪಿನಲ್ಲಿ ಬಂದರು. ಜೊತೆಗೆ ನಮ್ಮ ಭಾಗದ ನರ್ಸ್ ನೂರಜಹಾನ್ ಸಿಸ್ಟರ್. ಅಂಗನವಾಡಿಯ ಹಿಂದಿನ ಕೋಣೆಯಲ್ಲಿ, ಕಾಳಿನ ಚೀಲಗಳ ಆಚೆ, ಹಗ್ಗಕ್ಕೆ ಸೀರೆ ಕಟ್ಟಿ ಮರೆ ಮಾಡಿದ್ದೆವು. ನನ್ನ ಪಟ್ಟಿಯಲ್ಲಿ ನಲವತ್ತು ಹೆಸರು. ಪೂರ್ತಿ ಪಟ್ಟಿ ಮುಗಿಸಿದ ಊರಿನ ಆಶಾಗೆ ತಾಲ್ಲೂಕಿನ ಸಭೆಯಲ್ಲಿ ಶಾಲು ಹೊದಿಸುತ್ತೇವೆ ಎಂದು ಮೊದಲೇ ಹೇಳಿದ್ದರು. ನನಗೆ ಆ ಶಾಲು ಬೇಕಿತ್ತು. ಈಗ ಬರೆಯುವಾಗ ಕೈ ಹಿಂದೆ ಸರಿಯುತ್ತದೆ, ಆದರೂ ಬರೆಯುತ್ತೇನೆ: ಬೇಕಿತ್ತು.

ಬೆಳಗಿನಿಂದ ಅಲ್ಲಿ ನಗುವೋ ನಗು. ಹೆದರಿಕೆ ಹೆಚ್ಚಾದಾಗ ಹೆಂಗಸರು ನಗುತ್ತಾರೆ. ಐವತ್ತು ದಾಟಿದ ಕಾಶಮ್ಮ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿ, "ಮಹಾದೇವಿ, ಆರು ಹಡದೇನಿ ಬೇ. ಸೂಲಗಿತ್ತಿ ಕೈ ಹೋಗ್ಯಾವ, ಡಾಕ್ಟ್ರ ಕೈ ಹೋಗ್ಯಾವ. ನನ್ನ ಕೈ ಮಾತ್ರ ಒಂದ ದಿನಾನೂ ಹೋಗಿಲ್ಲ. ಅದು ಎಲ್ಲಿ ಅದ ಅಂತ ನಾ ಹ್ಯಾಂಗ ಹುಡುಕ್ಲಿ?" ಎಂದಳು. ಇಡೀ ಕೋಣೆ ನಕ್ಕಿತು. ಮರೆಯಿಂದ ಹೊರಬಂದಾಗ ಮಾತ್ರ ಅವಳ ಮುಖ ಬೇರೆಯಾಗಿತ್ತು. ಶೀಸೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಸಿಸ್ಟರ್ ಮುಂದೆ ಇಟ್ಟು, "ಆತು" ಎಂದಳು, ಅಷ್ಟೇ. ಒಬ್ಬೊಬ್ಬರೂ ಹಾಗೆಯೇ ಬಂದರು. ಯಾವುದೋ ಒಂದು ಬಾಗಿಲನ್ನು ತಾವೇ ತೆಗೆದು ನೋಡಿ ಬಂದವರಂತೆ.

ಶಿವಲೀಲಾ ಕೊನೆಗೆ ಬಂದಳು. ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಸೀರೆಯ ಮರೆಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಒಳಗೆ ಇಣುಕಿದೆ. ಚೀಲಕ್ಕೆ ಒರಗಿ ನಿಂತಿದ್ದಳು, ಕಡ್ಡಿಯ ಪೊಟ್ಟಣ ಹರಿದೇ ಇರಲಿಲ್ಲ. ಹಣೆಯ ಮೇಲೆ ಬೆವರು. ಕೈ ಗಡಗಡ ನಡುಗುತ್ತಿತ್ತು.

"ಯಕ್ಕಾ, ನನ್ನ ಕೈಲೆ ಆಗವಲ್ದರಿ. ಆವತ್ತಿಂದು ಎಲ್ಲಾ ಕಣ್ಣ ಮುಂದ ಬರಾಕತ್ತದ. ಇನ್ನೊಮ್ಮಿ ಬಂದಾಗ ಮಾಡ್ತೇನಿ, ಖರೇ ಮಾಡ್ತೇನಿ. ಯಾರ ಮುಂದೂ ಹೇಳಬ್ಯಾಡ್ರಿ."

ಪೊಟ್ಟಣ ಮತ್ತು ಶೀಸೆ ನನ್ನ ಕೈಗಿಟ್ಟು, ಹಿಂದಿನ ಬಾಗಿಲಿನಿಂದ ಹೋದಳು.

ಶೀಸೆಯ ಮೇಲೆ ಅವಳ ಹೆಸರು, ಸಂಖ್ಯೆ ನಲವತ್ತು. ಹೊರಗೆ ಜೀಪು ಹೊರಡುವ ಗಡಿಬಿಡಿ ಶುರುವಾಗಿತ್ತು. "ಆತೇನ್ರಿ ಅಕ್ಕೋರೆ? ಪೆಟ್ಟಿಗಿ ಮುಚ್ಚೂಣು?" ಎಂದು ಸಿಸ್ಟರ್ ಕೂಗಿದರು. "ಬಂದ್ಯರಿ, ಒಂದ ನಿಮಿಷ" ಎಂದೆ.

ಆ ಒಂದು ನಿಮಿಷದಲ್ಲಿ, ಸೀರೆಯ ಮರೆಯಲ್ಲಿ, ನಾನು ಅದನ್ನು ಮಾಡಿದೆ.

ಕೈ ನಡುಗಲಿಲ್ಲ.

ಇಪ್ಪತ್ತು ದಿನ ಕಳೆದಿರಬೇಕು. ಬೆಳಗಿನ ಹೊತ್ತು, ರೊಟ್ಟಿ ತಟ್ಟುತ್ತಿದ್ದೆ. ಫೋನು ಬಂತು. ಹಿಟ್ಟಿನ ಕೈಯಲ್ಲೇ ಎತ್ತಿದೆ.

"ಅಕ್ಕೋರೆ, ನಿಮ್ಮೂರಿನ ರಿಪೋರ್ಟ್ ಬಂತರಿ" ಎಂದರು ನೂರಜಹಾನ್ ಸಿಸ್ಟರ್. "ಮೂವತ್ತೊಂಬತ್ತು ಸಾಫ್ ಅವ. ಒಂದೇ ಒಂದು ಬಂದದ. ನಂಬರ್ ನಲವತ್ತು. ಶಿವಲೀಲಾ."

ಹಂಚಿನ ಮೇಲೆ ರೊಟ್ಟಿ ಇತ್ತು. ಅದು ಸುಟ್ಟು ಕರಿಯಾಗಿ, ಹೊಗೆ ಎದ್ದು, ಮನೆಯವರು ಹೊರಗಿನಿಂದ "ಏನ್ ಸುಡಾಕತ್ತದ?" ಎಂದು ಕೇಳಿದರೂ ನಾನು ಹಾಗೇ ಕೂತಿದ್ದೆ. ಮೊದಲು ಬಂದ ಯೋಚನೆ ಶಿವಲೀಲಾಳದ್ದಲ್ಲ. ನನಗೆ ಬಂದಿದೆ, ನನಗೆ ಬಂದಿದೆ— ಎರಡನೆಯದೂ ಅವಳದ್ದಲ್ಲ. ಯಾರಿಗೂ ಗೊತ್ತಿಲ್ಲ. ಮೂರನೆಯದಾಗಿ ಅವಳು ನೆನಪಾದಳು.

"ಅಕ್ಕೋರೆ, ಕೇಳಾಕತ್ತೀರಿಲ್ಲೋ? ಇವತ್ತ ಬರ್ತೇನಿ. ಮನೀಗೆ ಹೋಗಿ ಸಮಜಾಯಿಸಿ ಹೇಳೂಣು. ಅಂಜಸಬ್ಯಾಡ್ರಿ, ಕ್ಯಾನ್ಸರ್ ಅಂತ ಅಲ್ಲ."

ಸಿಸ್ಟರ್ ಬರುವವರೆಗೆ ನನಗೆ ನಾಲ್ಕು ತಾಸು ಇತ್ತು. ಒಂದು ಮಾತು ಸಾಕಿತ್ತು. ಫೋನಿನಲ್ಲೇ ಹೇಳಬಹುದಿತ್ತು. ಬಸ್ಸಿಳಿದ ಕೂಡಲೇ ಹೇಳಬಹುದಿತ್ತು. ಶಿವಲೀಲಾಳ ಮನೆಯ ಕಟ್ಟೆ ಹತ್ತುವ ಮುಂಚೆಯಾದರೂ—

ಶಿವಲೀಲಾ ನಮಗೆ ಚಾಪೆ ಹಾಸಿ ಕೂರಿಸಿದಳು. ಅವಳ ಅತ್ತೆ ನಾಗಮ್ಮ ಕಂಬಕ್ಕೆ ಒರಗಿ ತೊಗರಿ ಹಸನು ಮಾಡುತ್ತಿದ್ದಳು. ಸಿಸ್ಟರ್ ಮೆಲ್ಲಗೆ, ಚೆನ್ನಾಗಿಯೇ ಹೇಳಿದರು. ಇದು ಬಹಳ ಹೆಂಗಸರಲ್ಲಿ ಬಂದು ಹೋಗುವ ವೈರಾಣು, ಯಾವಾಗ ಬಂತೆಂದು ಯಾರೂ ಹೇಳಲಾರರು, ಇದು ಯಾರ ನಡತೆಯ ಮಾತೂ ಅಲ್ಲ, ಕಲಬುರಗಿಯಲ್ಲಿ ಡಾಕ್ಟರ್ ಒಮ್ಮೆ ನೋಡಬೇಕು, ಅಷ್ಟೇ.

ಶಿವಲೀಲಾ ನಕ್ಕುಬಿಟ್ಟಳು. "ಸಿಸ್ಟರ್, ತಪ್ಪಾಗ್ಯದರಿ. ನಾ ಕೊಟ್ಟೇ ಇಲ್ಲ. ಮಹಾದೇವಕ್ಕಗ ಕೇಳ್ರಿ, ನಾ ಹಂಗೇ ವಾಪಸ್ ಕೊಟ್ಟೇನಿ."

ಮೂವರೂ ನನ್ನ ಮುಖ ನೋಡಿದರು. ಶಿವಲೀಲಾಳ ಮುಖದ ಮೇಲೆ ನಗು ಇನ್ನೂ ಇತ್ತು. ನಾನು ಹೇಳುತ್ತೇನೆ ಎಂಬ ನಂಬಿಕೆಯ ನಗು.

"ಕೊಟ್ಟಾಳ್ರಿ ಸಿಸ್ಟರ್" ಎಂದೆ ನಾನು. "ನನ್ನ ಕೈಯಾಗೇ ಕೊಟ್ಟಾಳ. ಅಂಜಿಕಿಗೆ ಹಂಗ ಅನ್ನಾಕತ್ತಾಳ."

ಇವೇ ಆ ಮಾತುಗಳು. ಒಂದು ಅಕ್ಷರವನ್ನೂ ನಾನು ಬದಲಿಸಿಲ್ಲ.

ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನಾನು ಬದುಕುತ್ತಿದ್ದೆನೇನೋ. ಬಾಯಿ ಸ್ವಲ್ಪ ತೆರೆದು, ನನ್ನನ್ನೇ ನೋಡುತ್ತ, ಏನನ್ನೋ ಹುಡುಕುವವಳಂತೆ ಕೂತಳು. ನಾಗಮ್ಮನ ಮೊರ ನಿಂತಿತ್ತು. "ಎಂಥಾ ಬೇಮಾರಿ ಅಂದ್ರಿ?" ಎಂದು ಆಕೆ ಕೇಳಿದಳು. "ಎಲ್ಲಿಂದ ಬರ್ತದ ಅದು?"

ಸಿಸ್ಟರ್ ಮತ್ತೆ ಮೊದಲಿನಿಂದ ಬಿಡಿಸಿ ಹೇಳಿದರು. ಆದರೆ ಗಂಡು ಹೆಣ್ಣು ಸೇರುವುದರಿಂದ ಎಂಬ ಒಂದು ಮಾತು ಬಿಟ್ಟು ಬೇರೆ ಏನೂ ನಾಗಮ್ಮನ ಕಿವಿಗೆ ಹೋಗಲಿಲ್ಲ. ಮರುದಿನದ ಹೊತ್ತಿಗೆ ಅದೊಂದೇ ಮಾತು ಓಣಿಯಲ್ಲಿ ಉಳಿದಿತ್ತು. ಮೂರನೆಯ ದಿನ ಅದು ಮಲ್ಲಣ್ಣನ ಕ್ರೂಸರ್ ಹತ್ತಿತ್ತು.

ಕಲಬುರಗಿಗೆ ಶಿವಲೀಲಾಳನ್ನು ಕರೆದುಕೊಂಡು ಹೋದವಳು ನಾನೇ. ಅದು ನನ್ನ ಕೆಲಸವಾಗಿತ್ತು. ಬಸ್ಸು ಜೇವರ್ಗಿ ದಾಟಿ ಭೀಮಾ ಸೇತುವೆ ಹತ್ತಿತು. ಅಲ್ಲಿ ನಿಧಾನವಾದಾಗ ಅವಳು ನನ್ನ ಕಡೆಗೆ ತಿರುಗಿ, ಬಹಳ ಸಣ್ಣ ದನಿಯಲ್ಲಿ ಕೇಳಿದಳು:

"ಯಕ್ಕಾ, ನಾ ಖರೇನೇ ಕೊಟ್ಟಿದ್ನೇನ್ರಿ? ನಂಗ ಯಾಕ ನೆನಪಿಲ್ಲ?"

ನಾನು ಕಿಟಕಿಯ ಹೊರಗೆ ನೋಡಿದೆ. "ಅಂಜಿಕ್ಯಾಗ ಕೆಲವೊಮ್ಮೆ ಹಂಗ ಆಗ್ತದ" ಎಂದೆ.

ಅಯ್ಯೋ— ನಾನು ಆ ಮಾತನ್ನು ಅಂದೆ. ಅವಳ ಹೆಸರನ್ನು ಕದ್ದದ್ದು ಸಾಲದೆ, ಅವಳ ನೆನಪಿನ ಮೇಲಿದ್ದ ಅವಳ ನಂಬಿಕೆಯನ್ನೂ ಕಿತ್ತುಕೊಂಡೆ.

ದವಾಖಾನೆಯಲ್ಲಿ ಅವಳನ್ನು ಮೇಜಿನ ಮೇಲೆ ಮಲಗಿಸಿದರು. ಜೊತೆಗೆ ಒಬ್ಬರು ಇರಬಹುದು ಎಂದದ್ದಕ್ಕೆ ನಾನು ತಲೆಯ ಹತ್ತಿರ ನಿಂತೆ. ಮೊದಲ ಹೆರಿಗೆಯ ಅಂಥದೇ ಮೇಜನ್ನು ಮರೆಯಲಾಗದವಳು, ಕಡ್ಡಿಯ ಪೊಟ್ಟಣವನ್ನೂ ಹರಿಯಲಾಗದವಳು, ಕಾಲು ಮೇಲೆತ್ತಿ ಕಣ್ಣು ಗಟ್ಟಿಯಾಗಿ ಮುಚ್ಚಿ ಮಲಗಿದ್ದಳು. ಡಾಕ್ಟರಮ್ಮ ಒಳ್ಳೆಯವರು. "ಉಸಿರು ಬಿಡಮ್ಮಾ, ತಣ್ಣಗ ಹತ್ತುತದ" ಎನ್ನುತ್ತ ದ್ರಾವಣ ಹಚ್ಚಿ, ದೀಪ ಹಿಡಿದು ನೋಡಿದರು. ಶಿವಲೀಲಾ ನನ್ನ ಕೈ ಹಿಡಿದಿದ್ದಳು. ಅವಳ ಉಗುರುಗಳು ನನ್ನ ಅಂಗೈಯಲ್ಲಿ ಇಳಿದವು. ಆ ಮೇಜಿನ ಮೇಲೆ ಮಲಗಬೇಕಾದವಳು ನಾನು. ಆ ದೀಪ ನೋಡಬೇಕಾದದ್ದು ನನ್ನ ಗಾಯವನ್ನು. ನಾನು ಸೀರೆ ಉಟ್ಟು, ಬ್ಯಾಡ್ಜ್ ಹಾಕಿಕೊಂಡು, ಅವಳಿಗೆ ಧೈರ್ಯ ಹೇಳುತ್ತ ನಿಂತಿದ್ದೆ.

"ಏನೂ ಕಾಣಿಸ್ತಿಲ್ಲ, ಆರಾಮದೀರಿ. ಒಂದು ವರ್ಷ ಬಿಟ್ಟು ಮತ್ತೆ ಬರ್ರಿ" ಎಂದರು ಡಾಕ್ಟರಮ್ಮ.

ಇದರಿಂದ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಆದರೆ ಮಲ್ಲಣ್ಣ ಕಾಗದವನ್ನು ತಿರುವಿ ಹಾಕಿ ಹೇಳಿದ: "ಮೊದಲ ಅದ ಅಂದ್ರು. ಈಗ ಇಲ್ಲ ಅಂತಾರ. ಕೊಟ್ಟಾಕಿ ಕೊಟ್ಟೇ ಇಲ್ಲ ಅಂತಾಳ. ಒಂದ ಮುಚ್ಚಾಕ ಎಷ್ಟ್ ಸುಳ್ಳ ಹೇಳ್ತಾಳ ನೋಡ್ರಿ." ಅವಳ ಸತ್ಯವೇ ಅವಳಿಗೆ ಉರುಲಾಯಿತು. 'ನಾನು ಕೊಟ್ಟಿಲ್ಲ' ಎಂದು ಹೇಳಿರದಿದ್ದರೆ ಬಹುಶಃ ಆತ ಇಷ್ಟು ಸಂಶಯ ಪಡುತ್ತಿರಲಿಲ್ಲ. ತಪ್ಪಿಲ್ಲದಿದ್ದರೆ ಸುಳ್ಳು ಯಾಕೆ ಹೇಳುತ್ತಿದ್ದಳು ಎಂದು ಊರು ಕೇಳಿತು.

ಒಂದು ವಾರದಲ್ಲಿ ಅವಳನ್ನು ಸೊನ್ನದ ತವರಿಗೆ ಬಿಟ್ಟು ಬಂದ. ಭಾಗ್ಯಳಿಗೆ ಆಗ ಒಂಬತ್ತು ವರ್ಷ. "ಸಾಲಿ ತಪ್ಪತದ" ಎಂದು ಮಗುವನ್ನು ನಾಗಮ್ಮ ಇಟ್ಟುಕೊಂಡಳು. ಹೋಗುವ ದಿನ ಶಿವಲೀಲಾ ನನ್ನ ಬಾಗಿಲ ಮುಂದೆ ಹಾದುಹೋದಳು. ನಾನು ಒಳಗಿದ್ದೆ. ಹೊರಗೆ ಬರಲಿಲ್ಲ.

ನಳದ ಹತ್ತಿರ ಹೆಂಗಸರು ಆಡುತ್ತಿದ್ದ ಮಾತುಗಳನ್ನು ನಾನು ಇಲ್ಲಿ ಬರೆಯಲಾರೆ. ಎಂಥ ಹೆಂಗಸಿಗೆ ಅಂಥ ರೋಗ ಬರುತ್ತದೆ ಎಂಬುದನ್ನು ಅವರು ಬಣ್ಣ ಕಟ್ಟಿ ಹೇಳುತ್ತಿದ್ದರು. ಒಂದೊಂದು ಮಾತೂ ನೇರ ನನಗೇ ಸೇರಿದ್ದು. ನನ್ನ ಮೈಯ ಮೇಲೆ ಬೀಳಬೇಕಾದ ಉಗುಳು ಅವಳ ಹೆಸರಿನ ಮೇಲೆ ಬೀಳುತ್ತಿತ್ತು. ನಾನು ಕೊಡ ತುಂಬಿಸಿಕೊಳ್ಳುತ್ತ, "ಹೋಗಲಿ ಬಿಡ್ರಿ, ಇದ್ದೀತು" ಎನ್ನುತ್ತಿದ್ದೆ. 'ಇದ್ದೀತು'— ಆ ಒಂದು ಪದದಿಂದ ನಾನು ಕಲ್ಲು ಹೊಡೆದವರಿಗಿಂತ ದೊಡ್ಡ ಕಲ್ಲು ಹೊಡೆದೆ.

ಜೇವರ್ಗಿಯ ಸಭೆಯಲ್ಲಿ ನನಗೆ ಶಾಲು ಹೊದಿಸಿದರು. ಹೊದ್ದುಕೊಂಡೆ.

ಆಮೇಲೆ ನಾನೇನು ಮಾಡಿದೆ? ಏನೂ ಇಲ್ಲ. ಎರಡು ವರ್ಷ ಏನೂ ಮಾಡಲಿಲ್ಲ. ನನ್ನೊಳಗೆ ಏನಿದೆ ಎಂದು ಕಾಗದದ ಮೇಲೆ ಬಂದಿತ್ತು. ಊರಿಗೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಸಾರಿದವಳು, ನನ್ನ ಹೆಸರಿನಲ್ಲಿ ಹೋಗಿ ತೋರಿಸಿದರೆ ಎರಡನ್ನೂ ಜೋಡಿಸಿ ನೋಡುತ್ತಾರೆ ಎಂಬ ಭಯದಲ್ಲಿ ಸುಮ್ಮನಿದ್ದೆ. ಕಲೆ ಹೆಚ್ಚಾಯಿತು. ಸೊಂಟ ಎಳೆಯತೊಡಗಿತು. ಕೊನೆಗೆ ಒಂದು ದಿನ ನೆಲೋಗಿಯ ಬಸ್ ನಿಲ್ದಾಣದಲ್ಲಿ, ಹಾಡುಹಗಲಿನಲ್ಲಿ, ಸೀರೆಯೆಲ್ಲ ನೆನೆದು ಹೋದಾಗ ಮನೆಯವರೇ ಕಲಬುರಗಿಗೆ ಕರೆದುಕೊಂಡು ಹೋದರು.

ಗರ್ಭಕೋಶದ ಬಾಯಿಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದರು. ಶುರುವಿನ ಹಂತ, ಆದರೆ ಗರ್ಭಕೋಶ ತೆಗೆಯಬೇಕು ಎಂದರು. ಅದೇ ಡಾಕ್ಟರಮ್ಮ ಅಲ್ಲ, ಬೇರೆ ದವಾಖಾನೆ. ಈ ಡಾಕ್ಟರ್ ಕಾಗದದ ಮೇಲೆ ಬರೆಯುತ್ತ ಕೇಳಿದರು: "ಮೊದಲ ಯಾವಾಗಾದ್ರೂ ಟೆಸ್ಟ್ ಮಾಡಿಸಿದ್ರೇನು?"

"ಇಲ್ರಿ" ಎಂದೆ.

"ಛೇ. ಎರಡು ವರ್ಷದ ಹಿಂದ ಬಂದಿದ್ರ ಬಹುಶಃ ಇಷ್ಟು ದೊಡ್ಡ ಆಪರೇಷನ್ನೇ ಬೇಕಾಗ್ತಿರಲಿಲ್ಲ."

ಮನೆಯವರು ಜೋಳ ಬೀಸುವ ಗಿರಣಿ ನಡೆಸುತ್ತಾರೆ, ಮಾತು ಕಡಿಮೆ. ಆಪರೇಷನ್ ಆಗಿ ಎಂಟನೆಯ ದಿನ, ಹಾಸಿಗೆಯ ಪಕ್ಕ ಕೂತು ನನಗೆ ಗಂಜಿ ಕುಡಿಸುತ್ತಿದ್ದರು. ಆಗ ಹೇಳಿದೆ. ಕೋಣೆಯ ಸೀರೆಯ ಮರೆಯಿಂದ ಹಿಡಿದು ಬಸ್ಸಿನ ಮಾತಿನವರೆಗೆ ಎಲ್ಲವನ್ನೂ ಹೇಳಿದೆ. ಅವರು ಚಮಚ ಬಟ್ಟಲಿನಲ್ಲಿ ಇಟ್ಟರು. "ಆ ಹೆಣ್ಮಗಳ ಮುಖಾ ನಾ ಹ್ಯಾಂಗ ನೋಡ್ಲಿ" ಎಂದರು. ನನ್ನ ರೋಗದ ಬಗ್ಗೆ ಅಲ್ಲ, ನಮ್ಮಿಬ್ಬರ ಬಗ್ಗೆ ಅಲ್ಲ, ಅವಳ ಬಗ್ಗೆ. ಮತ್ತೆ, "ನಡ್ಯಾಕ ಬಂದ ದಿನ ಮೊದಲ ಸೊನ್ನಕ್ಕ ಹೋಗು" ಎಂದರು.

ನಡೆಯಲು ಬಂದ ದಿನ ಹೋಗಲಿಲ್ಲ. ಅದಕ್ಕೂ ಐದು ತಿಂಗಳು ತೆಗೆದುಕೊಂಡೆ. ಅದನ್ನೂ ಬರೆದುಬಿಡುತ್ತೇನೆ.

ಸೊನ್ನದಲ್ಲಿ ಶಿವಲೀಲಾ ಶಾಲೆಯ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ನಾನು ಹೋದಾಗ ದೊಡ್ಡ ಪಾತ್ರೆ ತಿಕ್ಕುತ್ತಿದ್ದಳು. ಮೂರು ವರ್ಷದಲ್ಲಿ ಅವಳ ಮುಖ ಒಣಗಿ ಹೋಗಿತ್ತು. ನನ್ನನ್ನು ಕಂಡು ಎದ್ದು ನಿಂತು, ಕೈ ಒರೆಸಿಕೊಂಡು, "ಬರ್ರಿ ಯಕ್ಕಾ, ನಿಮಗ ಆರಾಮಿಲ್ಲ ಅಂತ ಕೇಳಿದ್ನೆರಿ" ಎಂದಳು. ನೀರು ಕೊಟ್ಟಳು. ಆ ನೀರನ್ನು ನನಗೆ ಕುಡಿಯಲಾಗಲಿಲ್ಲ.

ನಿಂತೇ ಹೇಳಿದೆ. ಕೂತರೆ ಹೇಳಲಾಗದು ಎನಿಸಿತ್ತು.

ಅವಳು ಅಳಲಿಲ್ಲ, ಕೂಗಲಿಲ್ಲ. ಪಾತ್ರೆಯ ಅಂಚನ್ನು ಹಿಡಿದು ನೆಲದ ಮೇಲೆ ಕೂತಳು. ಕೊನೆಗೆ ಬಂದ ಮಾತು ಇದು:

"ಅಂದ್ರ— ಅಂದ್ರ ನನ್ನ ತಲಿ ಕೆಟ್ಟಿಲ್ಲ?"

ನಾನು ಅವಳಿಂದ ಎಂಥ ಮಾತು ಬರುತ್ತದೆ ಎಂದು ಎಷ್ಟೋ ಸಲ ಊಹಿಸಿಕೊಂಡಿದ್ದೆ. ಇದನ್ನು ಊಹಿಸಿರಲಿಲ್ಲ. ಮೂರು ವರ್ಷ ಅವಳು ಕಾಳು ಅಳೆದರೆ ಎರಡು ಸಲ ಅಳೆಯುತ್ತಿದ್ದಳಂತೆ. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮರಳಿ ಬರುತ್ತಿದ್ದಳಂತೆ. ಒಂದು ಹರಿಯದ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟದ್ದು ಅಷ್ಟು ನಿಚ್ಚಳವಾಗಿ ನೆನಪಿದ್ದೂ ಅದು ಆಗಿಲ್ಲವೆಂದಾದರೆ, ಬೇರೆ ಯಾವ ನೆನಪನ್ನು ನಂಬಲಿ ಎಂದು— ಮಗಳ ಹಾಲುಗಲ್ಲವನ್ನೂ ತಾನು ಸರಿಯಾಗಿ ನೆನಪಿಟ್ಟುಕೊಂಡಿದ್ದೇನೋ ಇಲ್ಲವೋ ಎಂದು—

ಅವಳು ತಲೆ ಎತ್ತಿದಳು. ಆಗ ಅವಳ ಕಣ್ಣು ಬೇರೆಯಾಗಿತ್ತು.

"ಒಂದ ಕೇಳ್ತೇನಿ. ನಂಬರ್ ತುಂಬಬೇಕಿತ್ತಂದ್ರ ಕಡ್ಡಿ ಹಂಗೇ ನೀರಾಗ ಅದ್ದಿ ಕಳಿಸಬಹುದಿತ್ತಲ್ಲ. ನಿಮ್ಮದೇ ಯಾಕ ಹಾಕಿದ್ರಿ?"

ಇಷ್ಟು ವರ್ಷ ನಾನು ಶಾಲಿನ ಆಸೆಗೆ ಮಾಡಿದೆ ಎಂದು ನನಗೇ ಹೇಳಿಕೊಂಡಿದ್ದೆ. ಮನೆಯವರಿಗೂ ಹಾಗೆಯೇ ಹೇಳಿದ್ದೆ. ಅವಳು ಕೇಳಿದ ಕ್ಷಣ ಅದು ಉದುರಿಬಿತ್ತು. ನನ್ನ ಕೈ ಯಾಕೆ ನಡುಗಲಿಲ್ಲ ಎಂಬುದು ನನಗೇ ತಿಳಿಯಿತು. ಕಲೆ ಕಂಡ ದಿನದಿಂದ ನನಗೆ ತಿಳಿದುಕೊಳ್ಳಬೇಕಿತ್ತು. ನನ್ನ ಹೆಸರು ಎಲ್ಲಿಯೂ ಬರದೆ ತಿಳಿದುಕೊಳ್ಳಬೇಕಿತ್ತು. ಆ ಕೋಣೆಯಲ್ಲಿ ಒಂದು ಹೆಸರು ತಾನಾಗಿ ನನ್ನ ಅಂಗೈಗೆ ಬಂದು ಬಿತ್ತು. ರೋಗ ಬಂದರೆ ಅವಳ ಹೆಸರಿಗೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಂದು ನಿಮಿಷ ಬಹಳ ದೊಡ್ಡದು. ಗೊತ್ತಿತ್ತು.

"ಗೊತ್ತಿದ್ದೇ ಮಾಡ್ಯೇನಿ" ಎಂದೆ.

ಅವಳು ಎದ್ದಳು. 'ನೀವು' ಎನ್ನುವುದನ್ನು ಅವಳು ಬಿಡಲಿಲ್ಲ. ಅದು ನನಗೆ ಇನ್ನೂ ಭಾರವಾಯಿತು.

"ನನ್ನ ಮುಂದ ಹೇಳಿ ಏನ್ ಉಪಯೋಗರಿ? ನಾ ಕೊಟ್ಟಿಲ್ಲ ಅಂತ ನಂಗ ಮೊದಲೇ ಗೊತ್ತಿತ್ತು. ಆವತ್ತ ಯಾರ ಮುಂದ ಸುಳ್ಳ ಹೇಳಿದ್ರಿ, ಹೋಗಿ ಅವರ ಮುಂದ ಹೇಳ್ರಿ. ನನ್ನ ಮಗಳು ಕೂತು ಕೇಳಬೇಕು. ಆಕಿ ಮುಂದ ಹೇಳ್ರಿ."

ಹೇಳಿದೆ. ನೂರಜಹಾನ್ ಸಿಸ್ಟರನ್ನು ಕರೆಸಿ, ಅದೇ ಮನೆಯ ಅದೇ ಪಡಸಾಲೆಯಲ್ಲಿ, ನಾಗಮ್ಮ, ಮಲ್ಲಣ್ಣ, ಓಣಿಯ ಹೆಂಗಸರು ಎಲ್ಲರ ಮುಂದೆ ಹೇಳಿದೆ. ಹನ್ನೆರಡು ವರ್ಷದ ಭಾಗ್ಯ ಬಾಗಿಲಿಗೆ ಅಂಟಿಕೊಂಡು ನಿಂತು ಕೇಳಿದಳು. ಕಾಶಮ್ಮ ಎದ್ದು ಬಂದು ನನ್ನ ಕೆನ್ನೆಗೆ ಹೊಡೆದಳು. ಯಾರೂ ಬಿಡಿಸಲಿಲ್ಲ. ಬಿಡಿಸಬೇಕೂ ಇರಲಿಲ್ಲ. ಸಿಸ್ಟರ್ ಮಾತ್ರ ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದರು. "ಆಕಿ ಹೇಳಿದ್ಳು, ನಾನೇ ಕೇಳಲಿಲ್ಲ" ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಅವರ ತಪ್ಪು ಏನೂ ಇರಲಿಲ್ಲ. ಅವರು ನನ್ನನ್ನು ನಂಬಿದ್ದರು, ಅಷ್ಟೇ.

ಎಲ್ಲವನ್ನೂ ಬರೆದು ಸಹಿ ಹಾಕಿ ಕೊಟ್ಟೆ. ಕೆಲಸ ಹೋಯಿತು. ನಾನು ತುಂಬಿದ ಹಳೆಯ ದಾಖಲೆಗಳನ್ನೆಲ್ಲ ಈಗ ಮತ್ತೆ ನೋಡುತ್ತಿದ್ದಾರೆ. ನೋಡಬೇಕು.

ಮಲ್ಲಣ್ಣ ಸೊನ್ನಕ್ಕೆ ಹೋಗಿ ಹೆಂಡತಿಯ ಮುಂದೆ ಕೂತನಂತೆ. ತಪ್ಪಾಯಿತು, ಬಾ ಎಂದನಂತೆ. ಶಿವಲೀಲಾ ಊರಿಗೆ ಬಂದಳು ನಿಜ, ಆದರೆ ಭಾಗ್ಯಳ ಬಟ್ಟೆ, ಪುಸ್ತಕ ಕಟ್ಟಿಕೊಂಡು ಮಗಳ ಕೈ ಹಿಡಿದು ಮಧ್ಯಾಹ್ನದ ಬಸ್ಸಿಗೇ ಹೊರಟುಹೋದಳು. "ಆಕಿ ಸುಳ್ಳ ಹೇಳಿದ್ಳು. ನೀವು ನಂಬಿದ್ರಿ" ಎಂದಳಂತೆ ಗಂಡನಿಗೆ.

ನನಗೆ ಮೂರು ತಿಂಗಳಿಗೊಮ್ಮೆ ತಪಾಸಣೆ ಇದೆ. ಸದ್ಯಕ್ಕೆ ಮರಳಿ ಬಂದಿಲ್ಲ ಎನ್ನುತ್ತಾರೆ. ಬಂದರೆ ನನ್ನ ಹೆಸರಿನಲ್ಲೇ ಬರಲಿ.

ಕಳೆದ ತಿಂಗಳು ನೂರಜಹಾನ್ ಸಿಸ್ಟರ್ ದಾರಿಯಲ್ಲಿ ಸಿಕ್ಕರು. ಈಗ ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ. ಆದರೂ ನಿಂತು ಒಂದು ವಿಷಯ ಹೇಳಿದರು. ಶಿವಲೀಲಾ ತಾನಾಗಿ ಅಫಜಲಪುರದ ದವಾಖಾನೆಗೆ ಹೋಗಿದ್ದಳಂತೆ. ಕಡ್ಡಿ ಕೇಳಿ ತೆಗೆದುಕೊಂಡು, ಒಳಗೆ ಹೋಗಿ, ಬಹಳ ಹೊತ್ತು ತೆಗೆದುಕೊಂಡಳಂತೆ. ಹೊರಗೆ ಬಂದು ಶೀಸೆಯ ಮೇಲೆ ತನ್ನ ಹೆಸರನ್ನು ತಾನೇ ಬರೆದಳಂತೆ. ಬರೆದದ್ದನ್ನು ಇಬ್ಬರು ನರ್ಸುಗಳಿಂದ ಓದಿಸಿ, ಅವರ ಕಣ್ಣೆದುರೇ ಪೆಟ್ಟಿಗೆಯಲ್ಲಿ ಇಟ್ಟಳಂತೆ.

ಏನು ಬಂತು ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂತು. ಹದಿಮೂರು ವರ್ಷದ ಅಭ್ಯಾಸ. ಸಿಸ್ಟರ್ ನನ್ನ ಮುಖ ನೋಡುತ್ತ ನಿಂತಿದ್ದರು.

ನಾನು ಕೇಳಲಿಲ್ಲ. ಅದು ಅವಳದ್ದು.